ಟೈಲ್ಸ್ ಸಂದು ಉದುರುತ್ತಿದೆಯೇ? ಮೊದಲು ಒಣಗಿಸಿ, ಆಮೇಲೆ ತುಂಬಿ

ಬಚ್ಚಲಿನ ಟೈಲ್ಸ್ ಸಂದು ಕಪ್ಪಾಗಿದೆ, ಉಗುರಿನಲ್ಲಿ ಕೆರೆದರೆ ಹಿಟ್ಟಿನಂತೆ ಉದುರುತ್ತದೆ. ಇಂಥ ಕಡೆ ಮೇಸ್ತ್ರಿ ಕರೆಸಿ ಮೇಲಿಂದಲೇ ಒಂದು ಕೈ ವೈಟ್ ಸಿಮೆಂಟ್ ಬಳಿಸುವುದು ದುಡ್ಡು ದಂಡ. ಬರೀ ವೈಟ್ ಸಿಮೆಂಟ್ ಒಣಗುವಾಗ ಕುಗ್ಗಿ ಕೂದಲೆಳೆಯ ಬಿರುಕು ಬಿಡುತ್ತದೆ, ಅಲ್ಲಿಂದ ನೀರು ಒಳಗೆ ಇಳಿಯುತ್ತದೆ. ಬೋರ್‌ವೆಲ್ ನೀರಿನ ಬಿಳಿ ಕಲೆ ತೆಗೆಯಲು ಸುರಿಯುವ ಆ್ಯಸಿಡ್ ಉಳಿದದ್ದನ್ನು ಮುಗಿಸುತ್ತದೆ. ಕಲೆಯಲ್ಲೂ ಸುಣ್ಣ, ಸಿಮೆಂಟಿನಲ್ಲೂ ಸುಣ್ಣ. ಆ್ಯಸಿಡ್‌ಗೆ ಭೇದ ಗೊತ್ತಿಲ್ಲ.

ಕೆಲಸಕ್ಕೆ ಮೊದಲು ಎರಡು ಪರೀಕ್ಷೆ. ಎರಡು ಮೂರು ದಿನ ಸ್ನಾನ ನಿಲ್ಲಿಸಿದರೂ ಪಕ್ಕದ ಕೋಣೆಯ ಗೋಡೆಯಲ್ಲಿ ತೇವ ಹರಡುತ್ತಲೇ ಇದ್ದರೆ ಪೈಪ್ ಸೋರುತ್ತಿರಬಹುದು, ಪ್ಲಂಬರ್‌ಗೆ ತೋರಿಸಿ. ಇನ್ನೊಂದು, ನಾಣ್ಯದಿಂದ ಟೈಲ್ಸ್ ತಟ್ಟಿ. ಒಂದೆರಡು ಪೊಳ್ಳು ಸದ್ದು ಮಾಡಿದರೆ ಕಿತ್ತು ಮತ್ತೆ ಕೂರಿಸಿದರಾಯಿತು. ಗೋಡೆ ಪೂರ್ತಿ ಪೊಳ್ಳಾಗಿದ್ದರೆ ಸಂದು ತುಂಬಿ ಉಪಯೋಗವಿಲ್ಲ.

ಈಗ ಕೆರೆಯುವ ಕೆಲಸ. ಗ್ರೌಟ್ (ಸಂದು ತುಂಬುವ ಮಸಾಲೆ) ಕೆರೆಯುವ ಕೈಸಾಧನ ಸಿಗದಿದ್ದರೆ ಹ್ಯಾಕ್ಸಾ ಬ್ಲೇಡಿನ ತುಂಡಿಗೆ ಬಟ್ಟೆ ಸುತ್ತಿ ಹಿಡಿಯಿರಿ. 8 ಮಿ.ಮೀ. ದಪ್ಪದ ಟೈಲಾದರೆ 5ರಿಂದ 6 ಮಿ.ಮೀ. ಆಳ ಖಾಲಿಯಾಗಬೇಕು. ಅರೆಬರೆ ಕೆರೆದರೆ ಹೊಸ ಗ್ರೌಟ್ ತೆಳು ಸಿಪ್ಪೆಯಾಗಿ ಏಳುತ್ತದೆ. ಗ್ರೈಂಡರ್ ಬೇಡ, ಕೈ ತುಸು ಜಾರಿದರೂ ಟೈಲಿನ ಅಂಚಿನ ಹೊಳಪು ಸಿಡಿಯುತ್ತದೆ. ಮಾಸ್ಕ್, ಕನ್ನಡಕ ಇರಲಿ. ಬೂಷ್ಟಿಗೆ ಬ್ಲೀಚ್ ಹಾಕುವುದಾದರೆ ಆ್ಯಸಿಡ್ ಹತ್ತಿರವೂ ಸುಳಿಯಬಾರದು. ಎರಡೂ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ.

ಮನೆಯವರಿಗೆ ತಾಳ್ಮೆ ತಪ್ಪುವುದು ಒಣಗಿಸುವಾಗ. ಕನಿಷ್ಠ ಎರಡು ಮೂರು ದಿನ ಫ್ಯಾನ್ ಹಾಕಿ ಬಿಡಿ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕದಿರುವುದೇ ಲೇಸು. ಒಣಗಿದ್ದು ತಿಳಿಯಲು, ಕೆರೆದ ಸಂದಿನ ಮೇಲೆ ಒಂದಡಿ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ. ಬೆಳಿಗ್ಗೆ ಒಳಗೆ ಹನಿ ಕಂಡರೆ ಇನ್ನೂ ಕಾಯಬೇಕು. ತೇವದ ಸಂದಿಗೆ ಎಪಾಕ್ಸಿ ಗ್ರೌಟ್ (ಸಿಮೆಂಟಿನ ಬದಲು ರೆಸಿನ್ ಅಂಟಿನಿಂದ ಮಾಡಿದ್ದು) ಸರಿಯಾಗಿ ಕಚ್ಚುವುದಿಲ್ಲ.

ಷವರ್ ಜಾಗಕ್ಕೆ ಎಪಾಕ್ಸಿ ಗ್ರೌಟೇ ಸರಿ, ದುಬಾರಿಯಾದರೂ. 300×450 ಮಿ.ಮೀ. ಟೈಲ್ಸ್, 3 ಮಿ.ಮೀ. ಸಂದು ಇದ್ದರೆ 100 ಚದರಡಿಗೆ 2 ಕೆ.ಜಿ. ಸಾಕು. ರೆಸಿನ್, ಅದನ್ನು ಗಟ್ಟಿಯಾಗಿಸುವ ಹಾರ್ಡ್‌ನರ್, ಪುಡಿ ಮೂರನ್ನೂ ಪ್ಯಾಕಿನಲ್ಲಿ ಹೇಳಿದ ಪ್ರಮಾಣದಲ್ಲೇ ತೂಗಿ ಬೆರೆಸಿ, ಕಣ್ಣಂದಾಜು ಬೇಡ. ಹಾರ್ಡ್‌ನರ್ ಕಡಿಮೆಯಾದರೆ ಜಿಗುಟಾಗಿಯೇ ಉಳಿಯುತ್ತದೆ. ಬೆರೆಸಿದ್ದು ಸಾಮಾನ್ಯವಾಗಿ ಮುಕ್ಕಾಲು ಗಂಟೆಯೊಳಗೆ ಗಟ್ಟಿ, ಬೇಸಿಗೆಯಲ್ಲಿ ಇನ್ನೂ ಬೇಗ. ಹಾಗಾಗಿ ಸ್ವಲ್ಪ ಸ್ವಲ್ಪವೇ ಕಲಸಿ. ಗ್ಲೌಸ್ ಹಾಕಿ, ರಬ್ಬರ್ ಪಟ್ಟಿಯಿಂದ ಸಂದಿನೊಳಗೆ ಒತ್ತಿ, ಹೆಚ್ಚಾದದ್ದನ್ನು ಓರೆಯಾಗಿ ಎಳೆದು ತೆಗೆಯಿರಿ. ನೇರ ಎಳೆದರೆ ತುಂಬಿದ್ದೂ ಕಿತ್ತು ಬರುತ್ತದೆ. ಟೈಲಿನ ಮೇಲಿನ ಪೊರೆಯನ್ನು ಒದ್ದೆ ಸ್ಪಂಜಿನಿಂದ ಆಗಲೇ ಒರೆಸಿ, ಮರುದಿನಕ್ಕೆ ಬಿಟ್ಟರೆ ಜಪ್ಪಯ್ಯ ಅಂದರೂ ಹೋಗದು.

ಗೋಡೆ ಗೋಡೆ ಸೇರುವ ಮೂಲೆ, ಗೋಡೆ ನೆಲ ಸೇರುವ ಗೆರೆ, ಇಲ್ಲಿ ಮಾತ್ರ ಗ್ರೌಟ್ ಬೇಡ. ಎರಡೂ ಬದಿ ಬೇರೆ ಬೇರೆಯಾಗಿ ಅಲುಗುವುದರಿಂದ ಮತ್ತೆ ಅಲ್ಲೇ ಬಿರುಕು. ಬೂಷ್ಟು ನಿರೋಧಕ ಸಿಲಿಕೋನ್ (ರಬ್ಬರಿನಂತೆ ಬಾಗುವ ಅಂಟು) ಹಾಕಿ: ಎರಡೂ ಕಡೆ ಮಾಸ್ಕಿಂಗ್ ಟೇಪ್ ಅಂಟಿಸಿ, ಸಿಲಿಕೋನ್ ಎಳೆದು, ಸೋಪಿನ ನೀರಿಗೆ ಅದ್ದಿದ ಬೆರಳಿನಿಂದ ಒಂದೇ ಸಲಕ್ಕೆ ಸವರಿ, ಅದು ಹಸಿಯಿರುವಾಗಲೇ ಟೇಪ್ ಕೀಳಿ. 24 ಗಂಟೆ ನೀರು ಸೋಕದಿರಲಿ.