ಮಾತ್ರೆಗಳ ಕವರ್ ತರಿಸಿ ನಾನು ಮಾಡುವ ಲೆಕ್ಕ

ವಾಂತಿ, ಸುಸ್ತು, ಬಲಗಡೆ ಪಕ್ಕೆಯ ಕೆಳಗೆ ನೋವು ಅಂತ ಬಂದವರ ಎಸ್‌ಜಿಪಿಟಿ (ಲಿವರ್‌ಗೆ ಪೆಟ್ಟಾದರೆ ಏರುವ ರಕ್ತಪರೀಕ್ಷೆ) ಸಾವಿರಗಳಲ್ಲಿ ಇದ್ದರೆ, ಮನೆಯವರಿಗೆ ನಾನು ತಕ್ಷಣ ಹೇಳುವುದು ಇಷ್ಟು: "ಮನೇಲಿರೋ ಮಾತ್ರೆಗಳನ್ನೆಲ್ಲಾ ಒಂದು ಕವರಿಗೆ ಹಾಕಿ ತನ್ನಿ. ಖಾಲಿ ಸ್ಟ್ರಿಪ್ ಕೂಡ ಬಿಡಬೇಡಿ." ಅವುಗಳಲ್ಲಿ ಪ್ಯಾರಾಸಿಟಮಾಲ್ ಒಟ್ಟು ಎಷ್ಟಿದೆ ಅಂತ ನೋಡಬೇಕು, ಅಳತೆ ಮೀರಿದರೆ ಅದು ಲಿವರ್‌ಗೆ ಪೆಟ್ಟು ಕೊಡುತ್ತದೆ.

ಸುಮ್ನೆ ಬಾಯಲ್ಲಿ ಕೇಳಿದರೆ ಪೂರ್ತಿ ವಿಷಯ ಸಿಗುವುದಿಲ್ಲ. ಅವರು ಸುಳ್ಳು ಹೇಳುತ್ತಾರೆ ಅಂತಲ್ಲ. ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಂದ ಮಾತ್ರೆಯನ್ನು ಎಷ್ಟೋ ಜನ ಔಷಧಿ ಅಂತಲೇ ಎಣಿಸುವುದಿಲ್ಲ. ಗಾರೆ ಕೆಲಸದವರೊಬ್ಬರ ಹೆಂಡತಿ "ಬರೀ ಜ್ವರದ ಮಾತ್ರೆ ಡಾಕ್ಟ್ರೇ, ಬೇರೇನೂ ಇಲ್ಲ" ಎಂದಿದ್ದರು. ಕವರಿನಲ್ಲಿ ಮೂರು ಬಗೆ ಇದ್ದವು. 650 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇರುವ ಜ್ವರದ ಮಾತ್ರೆ ದಿನಕ್ಕೆ 4. ಸೊಂಟನೋವಿಗೆ ಅಸೆಕ್ಲೋಫೆನಾಕ್ ಜೊತೆ 325 ಪ್ಯಾರಾಸಿಟಮಾಲ್ ಸೇರಿದ ಮಾತ್ರೆ 3. ಶೀತದ ಮಾತ್ರೆ 3, ಅದರಲ್ಲೂ ತಲಾ 500. ಕೂಡಿಸಿದರೆ ದಿನಕ್ಕೆ 5,075 ಮಿಲಿಗ್ರಾಂ ಪ್ಯಾರಾಸಿಟಮಾಲ್. ದೊಡ್ಡವರಿಗೆ 24 ಗಂಟೆಗೆ 4,000 ದಾಟಬಾರದು. ಆ ಗಾರೆ ಕೆಲಸದವರ ತೂಕವೋ 48 ಕೆಜಿ. ಜ್ವರಕ್ಕೆ ಊಟ ಸೇರುತ್ತಿರಲಿಲ್ಲ, ಸಂಜೆಯ ಕುಡಿತ ಮಾತ್ರ ನಿಂತಿರಲಿಲ್ಲ.

ಊಟ ಬಿಟ್ಟಿದ್ದಾರಾ ಅಂತ ನಾನು ತಪ್ಪದೆ ಕೇಳುತ್ತೇನೆ. ಪ್ಯಾರಾಸಿಟಮಾಲ್‌ನ ಒಂದು ಸಣ್ಣ ಪಾಲು ಲಿವರ್‌ನಲ್ಲಿ ವಿಷವಾಗಿ ಬದಲಾಗುತ್ತದೆ. ಅದನ್ನು ದೇಹವೇ ತಯಾರಿಸುವ ಗ್ಲುಟಾಥಯೋನ್ ಎಂಬ ವಸ್ತು ಅಲ್ಲೇ ನಿರ್ವಿಷ ಮಾಡುತ್ತದೆ. ಹೊಟ್ಟೆಗಿಲ್ಲದ ಮೈಯಲ್ಲಿ ಆ ಗ್ಲುಟಾಥಯೋನೇ ಕಡಿಮೆ ಇರುತ್ತದೆ.

ಒಂದೇ ಸಲ ತುಂಬಾ ನುಂಗಿದವರಿಗೆ 4 ಗಂಟೆ ಕಳೆದ ಮೇಲೆ ರಕ್ತದಲ್ಲಿನ ಪ್ಯಾರಾಸಿಟಮಾಲ್ ಮಟ್ಟ ನೋಡಿ, ಮದ್ದು ಬೇಕೇ ಎಂದು ತಿಳಿಸುವ ಗ್ರಾಫ್‌ನಲ್ಲಿ ಗುರುತು ಹಾಕಬಹುದು. ದಿನವೂ ಸ್ವಲ್ಪ ಸ್ವಲ್ಪ ಜಾಸ್ತಿ ತಗೊಂಡವರಿಗೆ ಆ ಗ್ರಾಫ್ ಉಪಯೋಗಕ್ಕೆ ಬರುವುದಿಲ್ಲ. ಅವರಲ್ಲಿ ಮಾತ್ರೆಯ ಲೆಕ್ಕ ಮತ್ತು ಎಸ್‌ಜಿಪಿಟಿ ನೋಡಿಯೇ ಈ ವಿಷಕ್ಕೆ ಮದ್ದಾದ ಎನ್-ಅಸಿಟೈಲ್‌ಸಿಸ್ಟೀನ್ ಡ್ರಿಪ್ ಶುರು ಮಾಡುತ್ತೇನೆ. ಪ್ರತಿ ಕೆಜಿ ತೂಕಕ್ಕೆ 1 ಗಂಟೆಯಲ್ಲಿ 150 ಮಿಲಿಗ್ರಾಂ, ನಂತರದ 4 ಗಂಟೆಯಲ್ಲಿ 50, ಆಮೇಲೆ 16 ಗಂಟೆಯಲ್ಲಿ 100. ಒಂದೇ ಸಲ ನುಂಗಿದವರಿಗೆ 8 ಗಂಟೆಯೊಳಗೆ ಕೊಟ್ಟರೆ ಫಲ ತುಂಬಾ ಚೆನ್ನಾಗಿರುತ್ತದೆ. ತಡವಾಯಿತು ಅಂತ ಬಿಡುವುದು ಮಾತ್ರ ತಪ್ಪು. ಮೊದಲ ಬಾಟಲಿಯಲ್ಲಿ ಕೆಲವರಿಗೆ ಮೈ ತುರಿಸುತ್ತದೆ, ಮುಖ ಕೆಂಪಾಗುತ್ತದೆ. ಆಗ ಡ್ರಿಪ್ ನಿಧಾನ ಮಾಡಿ ಅಲರ್ಜಿಯ ಇಂಜೆಕ್ಷನ್ ಕೊಡುತ್ತೇವೆ. ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತಿದೆ ಎನ್ನುವ ಅಳತೆ), ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್, ಸಕ್ಕರೆ ಮತ್ತೆ ಮತ್ತೆ ನೋಡುತ್ತೇವೆ. ಐಎನ್‌ಆರ್ ಏರುತ್ತಾ ಹೋದರೆ ಅಥವಾ ರೋಗಿ ತೊದಲತೊಡಗಿದರೆ, ಲಿವರ್ ಕಸಿ ಮಾಡುವ ಆಸ್ಪತ್ರೆಗೆ ಕಾಯದೆ ಫೋನ್ ಮಾಡುತ್ತೇನೆ. ಗಾರೆ ಕೆಲಸದವರಿಗೆ ಅಲ್ಲಿಗೆ ಹೋಗುವ ಪರಿಸ್ಥಿತಿ ಬರಲಿಲ್ಲ. ಅವರ ಲಿವರ್ ಚೇತರಿಸಿಕೊಂಡಿತು.

ಇಷ್ಟೆಲ್ಲಾ ಕೇಳಿ ಯಾರೂ ಪ್ಯಾರಾಸಿಟಮಾಲ್‌ಗೆ ಹೆದರಬಾರದು. ಡೆಂಗಿ ಜ್ವರಕ್ಕೆ ನಾನು ಕೊಡುವುದೂ ಅದನ್ನೇ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಿಂದ ಆಗ ರಕ್ತಸ್ರಾವದ ಭಯ ಇರುತ್ತದೆ. ಆದರೆ ಡೆಂಗಿಯೂ ಲಿವರ್‌ಗೆ ಪೆಟ್ಟು ಕೊಡುತ್ತದೆ, ಹಾಗಾಗಿ ಅಳತೆ ಮೀರಬಾರದು.

ಡಿಸ್ಚಾರ್ಜ್ ದಿನ ಅದೇ ಕವರ್ ಮತ್ತೆ ತೆಗೆಸುತ್ತೇನೆ. ಸ್ಟ್ರಿಪ್ ಮೇಲಿನ ಇಂಗ್ಲಿಷ್ ಅಕ್ಷರ ಎಲ್ಲರಿಗೂ ಓದಲು ಬರುವುದಿಲ್ಲ. ಅದಕ್ಕೇ ಪ್ಯಾರಾಸಿಟಮಾಲ್ ಇರುವ ಪ್ರತಿಯೊಂದಕ್ಕೂ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, "ಕೆಂಪು ಗುರುತಿನ ಎರಡು ಬಗೆ ಒಂದೇ ದಿನ ಬೇಡ" ಎನ್ನುತ್ತೇನೆ. ಮಕ್ಕಳು ಅಮೆರಿಕದಿಂದ ಕಳಿಸಿದ ಡಬ್ಬಿ ಇದ್ದರೆ ಅದಕ್ಕೂ ಗುರುತು ಬೀಳುತ್ತದೆ. ಅಲ್ಲಿ ಅಸಿಟಾಮಿನೋಫೆನ್ ಅಂತ ಬರೆದಿರುವುದು ಇದೇ ಔಷಧಿ.