ಹುಣಸೆ ಬೀಜದ ಎರಡು ಸಾಲು

ಮಂಡ್ಯ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಾನು ನಲಿ-ಕಲಿ ತರಗತಿಯ ಮೇಡಂ. 1995ರಲ್ಲಿ ಎಚ್.ಡಿ. ಕೋಟೆಯ ಶಾಲೆಗಳಲ್ಲಿ ಶುರುವಾದ ಈ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿಯವರು ಒಟ್ಟಿಗೇ ಕೂರುತ್ತಾರೆ. ಹಾಗಾಗಿ ಆರು ವರ್ಷದವರ ಯೋಚನೆ, ಎಂಟು ವರ್ಷದವರ ಯೋಚನೆ ಎರಡೂ ಒಂದೇ ಜಮಖಾನದ ಮೇಲೆ ಕಾಣುತ್ತವೆ.

ಒಂದು ದಿನ ಎರಡು ಸಾಲಿನಲ್ಲಿ ಆರಾರು ಹುಣಸೆ ಬೀಜ ಜೋಡಿಸಿದೆ. "ಎರಡೂ ಸಮ ಮಿಸ್" ಅಂದಳು ಒಂದನೇ ತರಗತಿಯ ಹುಡುಗಿ. ಒಂದು ಸಾಲಿನ ಬೀಜಗಳನ್ನು ದೂರ ದೂರ ಸರಿಸಿ ಮತ್ತೆ ಕೇಳಿದೆ. "ಇದ್ರಲ್ಲಿ ಜಾಸ್ತಿ ಐತೆ." ಎಣಿಸಲು ಹೇಳಿದೆ. ಆರು, ಆರು. ಆದರೂ "ಇದೇ ಜಾಸ್ತಿ, ಉದ್ದುಕ್ಕೆ ಐತಲ್ಲ!" ಪಕ್ಕದಲ್ಲಿದ್ದ ಮೂರನೇ ತರಗತಿಯ ಹುಡುಗನಿಗೆ ತಡೆಯಲಾಗಲಿಲ್ಲ: "ಮಿಸ್ಸು ಬೀಜ ಹಾಕ್ಲೂ ಇಲ್ಲ, ತೆಗೀಲೂ ಇಲ್ಲ, ಬರೀ ಎಳುದ್ರು!" ಸುಮಾರು ಏಳು ವರ್ಷಕ್ಕೆ ಬರುತ್ತದೆಂದು ಮಕ್ಕಳ ಯೋಚನೆಯನ್ನು ಅಧ್ಯಯನ ಮಾಡಿದ ಸ್ವಿಸ್ ಮನೋವಿಜ್ಞಾನಿ ಪಿಯಾಜೆ ಹೇಳಿದ ತರ್ಕ ಇದೇ. ಡಿ.ಎಡ್.ನಲ್ಲಿ ಬಾಯಿಪಾಠ ಮಾಡಿದ್ದು ಅವನ ಬಾಯಲ್ಲಿ ಕೇಳಿ ನನಗೆ ರೋಮಾಂಚನವಾಯಿತು.

ಆಮೇಲೆ ನಾನು ಮಾಡಿದ್ದು ತಪ್ಪು. ಆ ಹುಡುಗಿಗೆ ನಾಲ್ಕು ದಿನ ತಿದ್ದಿದೆ. ಐದನೇ ದಿನ "ಸಮ" ಅಂದಳು. ಕಲಸಿದ ರಾಗಿ ಹಿಟ್ಟಿನಲ್ಲಿ ಒಂದೇ ಗಾತ್ರದ ಎರಡು ಉಂಡೆ ಮಾಡಿ, ಒಂದನ್ನು ರೊಟ್ಟಿಯಂತೆ ತಟ್ಟಿ ತೋರಿಸಿದೆ. "ರೊಟ್ಟಿನೇ ಜಾಸ್ತಿ." ಅವಳು ಕಲಿತದ್ದು ನನ್ನ ಉತ್ತರವನ್ನು ಮಾತ್ರ.

ಪ್ರಶ್ನೆ ಕೇಳುವ ರೀತಿಯಲ್ಲೂ ಎಡವಟ್ಟಿತ್ತು. ಮೇಡಂ ಕೇಳಿದ್ದನ್ನೇ ಮತ್ತೆ ಕೇಳಿದರೆ, ಮೊದಲು ಹೇಳಿದ್ದು ತಪ್ಪಿರಬೇಕು ಅಂತ ಮಗು ಮಾತು ಬದಲಿಸುತ್ತದೆ. 1970ರ ದಶಕದಲ್ಲಿ ಸ್ಕಾಟ್ಲೆಂಡಿನ ಸಂಶೋಧಕರು ತುಂಟ ಕರಡಿ ಗೊಂಬೆಯ ಕೈಯಲ್ಲಿ ಸಾಲು ಕೆಡಿಸಿದಾಗ ಎಷ್ಟೋ ಹೆಚ್ಚು ಮಕ್ಕಳು ಸರಿಯಾಗಿ ಹೇಳಿದ್ದರು. ಮುಂದಿನ ವರ್ಷ ಹೊಸ ಮಕ್ಕಳ ಮುಂದೆ ನಾನು ಬಟ್ಟೆಯ ಕೋತಿಯನ್ನು ಕುಣಿಸಿದೆ. ಒಂಬತ್ತರಲ್ಲಿ ಐದು ಮಕ್ಕಳು "ಕೋತಿ ಕೆಡಿಸ್ತು, ಅಷ್ಟೇ ಅವೆ" ಅಂದರು. ಉಳಿದ ನಾಲ್ವರಿಗೆ ಉದ್ದದ ಸಾಲೇ ಜಾಸ್ತಿ. ಅವರನ್ನು ಈ ಸಲ ತಿದ್ದಲಿಲ್ಲ. ಅಳಿಗುಳಿ ಮಣೆ ಕೊಟ್ಟೆ. ಬೀಜ ಹಂಚುತ್ತಾ, ಕೂಡಿಸುತ್ತಾ, ಜಗಳವಾಡುತ್ತಾ ಆಡಿದರು.

ಈಗ ತಪ್ಪು ಉತ್ತರ ಬಂದರೆ "ಹೆಂಗೆ ಹೇಳ್ದೆ ಮಗ?" ಅಂತ ಕೇಳಿ ಸುಮ್ಮನೆ ಕಾಯುತ್ತೇನೆ. ಮಗು ಕೊಟ್ಟ ಕಾರಣವನ್ನು ತಾರೀಖಿನ ಜೊತೆ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ, ಆರು ತಿಂಗಳ ಮೇಲೆ ಅದೇ ಮಗುವಿನ ಹೊಸ ಕಾರಣ ಅದರ ಕೆಳಗೆ.