ಲೈಬ್ರರಿಗೆ ಲೇಬಲ್ ಇಟ್ಟರೂ ಹಳೇ ಫೈಲು ಬಿಟ್ಟುಹೋಗುತ್ತೆ
ದಾವಣಗೆರೆಯಲ್ಲಿ ಶೇರ್‌ಪಾಯಿಂಟ್ (ಆಫೀಸಿನ ಫೈಲುಗಳನ್ನು ಆನ್‌ಲೈನಲ್ಲಿ ಇಡೋ ಮೈಕ್ರೋಸಾಫ್ಟ್ ಸೇವೆ) ಬಳಸೋ ಆಫೀಸಿನವರಿಗೆ ಒಂದು ಮಾತು. ಅದರಲ್ಲಿ ಫೈಲುಗಳನ್ನು ಇಡೋ ಜಾಗವೇ ಲೈಬ್ರರಿ. ಅದರ ಸೆಟ್ಟಿಂಗ್ಸ್‌ನಲ್ಲಿ ಡೀಫಾಲ್ಟ್ ಸೆನ್ಸಿಟಿವಿಟಿ ಲೇಬಲ್ (ಫೈಲು ಎಷ್ಟು ಗುಟ್ಟಿನದು ಅಂತ ಹೇಳೋ ಗುರುತು) ಇಟ್ಟರೆ, ಹೊಸದಾಗಿ ಹಾಕುವ ಅಥವಾ ತೆಗೆದು ತಿದ್ದುವ ವರ್ಡ್, ಎಕ್ಸೆಲ್ ಫೈಲಿಗೆ ಅದು ತಾನಾಗಿ ಅಂಟುತ್ತೆ. ಯಾರೂ ಮುಟ್ಟದೆ ಬಿದ್ದಿರೋ ಹಳೇ ಫೈಲಿಗೆ ಅಂಟಲ್ಲ. ಇದು ಗೊತ್ತಿಲ್ಲದೆ ನಾನು ಮೂರು ವಾರ ನಿಶ್ಚಿಂತೆಯಿಂದಿದ್ದೆ. ಹೋದ ವರ್ಷದ ಸಂಬಳದ ಪಟ್ಟಿ ಬರಿಮೈಯಲ್ಲೇ ಕೂತಿತ್ತು! ಅಂಥವನ್ನು ಒಂದೊಂದಾಗಿ ತೆಗೆದು ಲೇಬಲ್ ಹಾಕಿ.

ಎನ್‌ಕ್ರಿಪ್ಷನ್ (ಫೈಲಿಗೆ ಬೀಗ ಹಾಕಿದ ಹಾಗೆ ಗೂಢಲಿಪಿ ಮಾಡೋದು) ಇಲ್ಲದ ಲೇಬಲ್ ಬರೀ ಹಣೆಪಟ್ಟಿ. ಎನ್‌ಕ್ರಿಪ್ಷನ್ ಇದ್ದರೆ ಮಾತ್ರ, ಫೈಲು ಪೆನ್‌ಡ್ರೈವ್‌ನಲ್ಲಿ ಹರಿಹರ ದಾಟಿದರೂ ಅನುಮತಿ ಇಲ್ಲದವರಿಗೆ ತೆರೆಯಲ್ಲ.

ಡೀಫಾಲ್ಟ್ ಲೇಬಲ್ ಇಡೋ ಆಯ್ಕೆಯೇ ಕಾಣ್ತಿಲ್ವಾ? ಎಲ್ಲ ಲೈಸೆನ್ಸಿನಲ್ಲೂ ಬರಲ್ಲ. ನಿಮ್ಮ ಐಟಿಯವರನ್ನು ಕೇಳಿ, ಬೆಣ್ಣೆ ದೋಸೆ ಕೊಡಿಸಿ ಕೇಳಿದ್ರೆ ಇನ್ನೂ ಬೇಗ ಆಗುತ್ತೆ.